ಗ್ರೂಪಿನಲ್ಲಿ ಬಂದ ಆ ಫೋಟೊ ಯಾರದ್ದು? ಮೂಲ ಹುಡುಕುವ ದಾರಿ

ಓದುಗರಿಂದ ಪದೇ ಪದೇ ಬರುವ ಪ್ರಶ್ನೆ ಇದು: "ಈ ಫೋಟೊ ಗ್ರೂಪಿನಲ್ಲಿ ಬಂತು. ನಿಜಾನಾ? ಯಾರು ತೆಗೆದದ್ದು? ನಮ್ಮ ಸ್ಮರಣ ಸಂಚಿಕೆಗೆ ಹಾಕಬಹುದಾ?" ಹಳೇ ಕಂಪ್ಯೂಟರ್, ಒಲಿಂಪಿಕ್ಸ್ ಪೋಸ್ಟರ್, ಬಾಕ್ಸಿಂಗ್ ರಿಂಗ್, ರಾಕೆಟ್, ಚಿತ್ರ ಯಾವುದೇ ಇರಲಿ, ಪ್ರಶ್ನೆ ಮಾತ್ರ ಅದೇ. ಒಬ್ಬೊಬ್ಬರಿಗೂ ಬೇರೆ ಬೇರೆ ಉತ್ತರ ಬರೆಯುವ ಬದಲು, ನೀವೇ ಹುಡುಕಿಕೊಳ್ಳುವ ದಾರಿಯನ್ನು ಇಲ್ಲಿ ಪೂರ್ತಿಯಾಗಿ ಬರೆದಿದ್ದೇನೆ.

ಉದಾಹರಣೆಗೆ ಎರಡು ಫೋಟೊ ಇಟ್ಟುಕೊಳ್ಳೋಣ. ನೀವೂ ನೋಡಿರುತ್ತೀರಿ. ಒಂದರಲ್ಲಿ ಎತ್ತಿನ ಗಾಡಿಯ ಮೇಲೆ ಉಪಗ್ರಹ. ಇನ್ನೊಂದರಲ್ಲಿ ಸೈಕಲ್ಲಿನ ಕ್ಯಾರಿಯರ್ ಮೇಲೆ ರಾಕೆಟ್‌ನ ಮೂತಿ. "1963ರಲ್ಲಿ ನಮ್ಮ ಮೊದಲ ರಾಕೆಟ್ ಹೀಗೆ ಹೋಗಿತ್ತು" ಎಂಬ ಸಾಲು ಅಂಟಿಸಿಕೊಂಡು ಎರಡೂ ಜೋಡಿಯಾಗಿ ಓಡಾಡುತ್ತಿರುತ್ತವೆ. ಫೋಟೊ ಎರಡೂ ಅಪ್ಪಟ ನಿಜ. ಸಾಲು ತಪ್ಪು. ಎಲ್ಲಿ ತಪ್ಪಿದೆ ಅನ್ನುವುದು ಮುಂದೆ ಗೊತ್ತಾಗುತ್ತದೆ.

ಬೇಕಾದದ್ದು ಇಷ್ಟೇ: ಒಂದು ಫೋನ್ ಅಥವಾ ಕಂಪ್ಯೂಟರ್, ಕ್ರೋಮ್‌ನಂಥ ಯಾವುದಾದರೂ ಬ್ರೌಸರ್, ಬರೆದುಕೊಳ್ಳಲು ಒಂದು ಹಾಳೆ, ಅರ್ಧ ಗಂಟೆ ಬಿಡುವು. ದುಡ್ಡು ಕೊಡುವಂಥದ್ದು ಏನೂ ಇಲ್ಲ. "ಫೋಟೊ ಅಸಲಿಯೋ ನಕಲಿಯೋ ಹೇಳುತ್ತೇವೆ" ಎನ್ನುತ್ತಾ ನಿಮ್ಮ ಗ್ಯಾಲರಿಗೆಲ್ಲ ಅನುಮತಿ ಕೇಳುವ ಹೆಸರಿಲ್ಲದ ಆ್ಯಪ್‌ಗಳನ್ನು ದಯವಿಟ್ಟು ಹಾಕಿಕೊಳ್ಳಬೇಡಿ. ಅವುಗಳ ಅಗತ್ಯವೇ ಬೀಳುವುದಿಲ್ಲ.

1. ಫೈಲನ್ನು ಸರಿಯಾಗಿ ಇಳಿಸಿಕೊಳ್ಳಿ

ಸ್ಕ್ರೀನ್‌ಶಾಟ್ ತೆಗೆದು ಹುಡುಕುವವರೇ ಜಾಸ್ತಿ. ಅದರಲ್ಲಿ ಬ್ಯಾಟರಿ ಗುರುತು, ಸಮಯ, ಕಳಿಸಿದವರ ಹೆಸರು ಎಲ್ಲಾ ಸೇರಿಬಿಡುತ್ತದೆ. ಹುಡುಕುವ ಯಂತ್ರಕ್ಕೆ ಅದು ಬೇರೆಯದೇ ಚಿತ್ರ. ಹಾಗಾಗಿ ಫೋಟೊವನ್ನೇ ಗ್ಯಾಲರಿಗೆ ಸೇವ್ ಮಾಡಿಕೊಳ್ಳಿ. ಮೇಲೆ ಕೆಳಗೆ ಯಾರೋ ಸೇರಿಸಿದ ಬಣ್ಣದ ಪಟ್ಟಿ, ಅಕ್ಷರ, ಶುಭೋದಯದ ಹೂವು ಇದ್ದರೆ ಕ್ರಾಪ್ ಮಾಡಿ ತೆಗೆದುಬಿಡಿ. ಆದರೆ ಮೂಲೆಯಲ್ಲಿ ಸಣ್ಣದಾಗಿ ಛಾಯಾಗ್ರಾಹಕರ ಹೆಸರೋ ಏಜೆನ್ಸಿಯ ಹೆಸರೋ ಇದ್ದರೆ, ಕ್ರಾಪ್ ಮಾಡುವ ಮೊದಲು ಅದನ್ನು ಬರೆದಿಟ್ಟುಕೊಳ್ಳಿ. ಎಷ್ಟೋ ಸಲ ಉತ್ತರ ಅಲ್ಲೇ ಇರುತ್ತದೆ.

ಇನ್ನೊಂದು ವಿಷಯ ಗೊತ್ತಿರಲಿ. ಡಿಜಿಟಲ್ ಕ್ಯಾಮೆರಾದಲ್ಲೋ ಫೋನಿನಲ್ಲೋ ತೆಗೆದ ಫೋಟೊದ ಒಳಗೆ ಸಾಮಾನ್ಯವಾಗಿ ಎಕ್ಸಿಫ್ ಎಂಬ ಮಾಹಿತಿ ಅಡಗಿರುತ್ತದೆ. ಯಾವ ಕ್ಯಾಮೆರಾ, ಯಾವ ದಿನ, ಎಷ್ಟು ಹೊತ್ತಿಗೆ, ಕೆಲವೊಮ್ಮೆ ಯಾವ ಜಾಗ ಅನ್ನುವುದೂ ಅದರಲ್ಲಿರುತ್ತದೆ. ವಾಟ್ಸ್‌ಆ್ಯಪ್‌ನಲ್ಲಿ ಫೋಟೊ ಅಂತ ಕಳಿಸಿದರೆ ಚಿತ್ರವೂ ಕುಗ್ಗುತ್ತದೆ, ಈ ಮಾಹಿತಿಯೂ ಅಳಿಸಿಹೋಗುತ್ತದೆ. ಊರಿನ ಕಬಡ್ಡಿ ಪಂದ್ಯದ ಫೋಟೊ ತೆಗೆದವರು ನಿಮ್ಮ ಗೆಳೆಯರೇ ಆಗಿದ್ದರೆ "ಡಾಕ್ಯುಮೆಂಟ್ ಅಂತ ಕಳಿಸಿ" ಎಂದು ಕೇಳಿ. ಆಗ ಮೂಲ ಫೈಲ್ ಹಾಗೇ ಬರುತ್ತದೆ. ಹತ್ತು ಕೈ ದಾಟಿ ಬಂದ ಫೋಟೊದಲ್ಲಿ ಮಾತ್ರ ಎಕ್ಸಿಫ್ ಹುಡುಕಿ ಸಮಯ ಕಳೆಯಬೇಡಿ.

2. ಯಂತ್ರಕ್ಕೆ ಕೊಡುವ ಮೊದಲು ಕಣ್ಣಿಂದ ನೋಡಿ

ಫೋಟೊವನ್ನು ದೊಡ್ಡದು ಮಾಡಿ, ಮೂಲೆ ಮೂಲೆ ನೋಡಿ. ಅಂಗಡಿ ಬೋರ್ಡು, ಗಾಡಿಯ ನಂಬರ್ ಪ್ಲೇಟ್, ಆಟಗಾರರ ಅಂಗಿ, ಮೈದಾನದ ಜಾಹೀರಾತು ಎಲ್ಲವೂ ಸುಳಿವೇ. ಹೊಳೆದದ್ದನ್ನು ಹಾಳೆಯಲ್ಲಿ ಬರೆದುಕೊಳ್ಳಿ.

ಬೆಂಗಳೂರಿನ "1970ರ ದಶಕದ" ಬೀದಿ ಅಂತ ಒಂದು ಫೋಟೊ ಬಂತು ಅಂದುಕೊಳ್ಳಿ. ಅದರಲ್ಲಿ ಒಂದು ಸ್ಕೂಟರಿನ ನಂಬರ್ ಕೆಎ ಎಂದು ಶುರುವಾಗಿದ್ದರೆ ಫೋಟೊ ಆ ದಶಕದ್ದಲ್ಲ. ಆ ಅಕ್ಷರಗಳು ಬಂದದ್ದೇ 1988ರ ಮೋಟಾರು ವಾಹನ ಕಾಯ್ದೆಯ ನಂತರ. ಕ್ರಿಕೆಟ್ ವಿಶ್ವಕಪ್ ಫೋಟೊ ಆದರೆ ಅಂಗಿ ನೋಡಿ. ವಿಶ್ವಕಪ್‌ನಲ್ಲಿ ಬಣ್ಣದ ಅಂಗಿ ಬಂದದ್ದು 1992ರಲ್ಲಿ. 1983ರ ಕಪಿಲ್ ದೇವ್ ತಂಡ ನೀಲಿ ಅಂಗಿಯಲ್ಲಿ ಕಂಡರೆ ಯಾರೋ ಬಣ್ಣ ಬಳಿದಿದ್ದಾರೆ ಅಂತಲೇ ಅರ್ಥ.

ಬೋರ್ಡಿನ ಅಕ್ಷರ ತಿರುವುಮುರುವು ಕಂಡರೆ ಫೋಟೊವನ್ನು ಕನ್ನಡಿಯಂತೆ ತಿರುಗಿಸಿದ್ದಾರೆ. ಕದ್ದದ್ದು ಗೊತ್ತಾಗದಿರಲಿ ಅಂತ ಹೀಗೆ ಮಾಡುವುದುಂಟು. ಎಡಿಟ್‌ನಲ್ಲಿ ಫ್ಲಿಪ್ ಒತ್ತಿ ಮತ್ತೆ ನೆಟ್ಟಗೆ ಮಾಡಿಕೊಂಡೇ ಮುಂದಿನ ಹಂತಕ್ಕೆ ಹೋಗಿ.

3. ಚಿತ್ರ ಕೊಟ್ಟು ಚಿತ್ರ ಹುಡುಕಿ

ಪದ ಬರೆದು ಚಿತ್ರ ಹುಡುಕುವುದು ಎಲ್ಲರಿಗೂ ಗೊತ್ತು. ಇಲ್ಲಿ ಚಿತ್ರವನ್ನೇ ಕೊಟ್ಟು, ಅದು ಬೇರೆಲ್ಲೆಲ್ಲಿ ಇದೆ ಎಂದು ಕೇಳುತ್ತೇವೆ. ಇದಕ್ಕೆ ರಿವರ್ಸ್ ಇಮೇಜ್ ಸರ್ಚ್ ಅನ್ನುತ್ತಾರೆ. ನಾನು ಎರಡನ್ನು ಬಳಸಲು ಹೇಳುತ್ತೇನೆ. ಒಂದರಲ್ಲಿ ಸಿಗದ್ದು ಇನ್ನೊಂದರಲ್ಲಿ ಸಿಗುತ್ತದೆ.

ಮೊದಲನೆಯದು ಗೂಗಲ್ ಲೆನ್ಸ್. ಫೋನಿನಲ್ಲಿ ಗೂಗಲ್ ಆ್ಯಪ್ ತೆರೆದು, ಹುಡುಕುವ ಪಟ್ಟಿಯಲ್ಲಿರುವ ಕ್ಯಾಮೆರಾ ಗುರುತು ಒತ್ತಿ, ಗ್ಯಾಲರಿಯಿಂದ ಫೋಟೊ ಆರಿಸಿ. ವೆಬ್ ಪುಟದಲ್ಲಿರುವ ಚಿತ್ರವಾದರೆ ಕ್ರೋಮ್‌ನಲ್ಲಿ ಅದರ ಮೇಲೆ ಬೆರಳು ಒತ್ತಿ ಹಿಡಿದರೂ ಸಾಕು. ಇಲ್ಲಿ ಎಲ್ಲರೂ ಎಡವುವ ಒಂದು ಜಾಗ ಇದೆ. ಲೆನ್ಸ್ ಮೊದಲು ತೋರಿಸುವುದು ನಿಮ್ಮ ಚಿತ್ರಕ್ಕೆ ಹೋಲುವ ಚಿತ್ರಗಳನ್ನು. ಎತ್ತಿನ ಗಾಡಿ ಕೊಟ್ಟರೆ ಬೇರೆ ಹತ್ತು ಎತ್ತಿನ ಗಾಡಿ ಬರಬಹುದು. "ಎಕ್ಸಾಕ್ಟ್ ಮ್ಯಾಚಸ್" ಎಂಬ ವಿಭಾಗಕ್ಕೆ ಹೋಗಿ. ಅದೇ ಫೋಟೊ ಇರುವ ಪುಟಗಳು ಅಲ್ಲಿರುತ್ತವೆ. ಮೇಲ್ಗಡೆ ಎಐ ಬರೆದ ಒಂದು ಪ್ಯಾರಾ ಕಂಡರೆ ಅದನ್ನು ಸುಳಿವು ಅಂತ ಓದಿ, ಉತ್ತರ ಅಂತ ನಂಬಬೇಡಿ. ತಪ್ಪು ಸಾಲು ಸಾವಿರ ಕಡೆ ಇದ್ದರೆ ಅದು ಹೇಳುವುದೂ ಆ ತಪ್ಪನ್ನೇ.

ಎರಡನೆಯದು ಟಿನ್‌ಐ. ಕೆನಡಾದ ಈ ತಾಣ 2008ರಿಂದ ಇದೆ. ಚಿತ್ರದಲ್ಲಿ ಏನಿದೆ ಅಂತ ಇದು ಹೇಳುವುದಿಲ್ಲ. ಅದೇ ಚಿತ್ರ ಎಲ್ಲೆಲ್ಲಿ ಇದೆ ಅಂತ ಮಾತ್ರ ಹೇಳುತ್ತದೆ, ಆ ಕೆಲಸವನ್ನು ಚೆನ್ನಾಗಿ ಮಾಡುತ್ತದೆ. ಫಲಿತಾಂಶ ಬಂದ ಮೇಲೆ ಜೋಡಿಸುವ ಕ್ರಮ ಬದಲಿಸಬಹುದು. "ಓಲ್ಡೆಸ್ಟ್" ಆರಿಸಿದರೆ ಹಳೆಯದು ಮೊದಲು, "ಬಿಗ್ಗೆಸ್ಟ್ ಇಮೇಜ್" ಆರಿಸಿದರೆ ದೊಡ್ಡದು ಮೊದಲು. ಎರಡನ್ನೂ ಮಾಡಿ ನೋಡಿ. ದೊಡ್ಡ ಫೈಲ್ ಇರುವ ಕಡೆ ಮೂಲ ಹತ್ತಿರದಲ್ಲಿರುವ ಸಾಧ್ಯತೆ ಜಾಸ್ತಿ. ಕದ್ದವರ ಹತ್ತಿರ ಸಾಮಾನ್ಯವಾಗಿ ಸಣ್ಣದೇ ಇರುತ್ತದೆ. "ಮೋಸ್ಟ್ ಚೇಂಜ್ಡ್" ಆರಿಸಿದರೆ ತಿದ್ದಿದ, ಕತ್ತರಿಸಿದ, ಬಣ್ಣ ಹಚ್ಚಿದ ಪ್ರತಿಗಳು ಮೇಲೆ ಬರುತ್ತವೆ. ಏನು ತಿದ್ದಿದ್ದಾರೆ ಅಂತ ತಿಳಿಯಲು ಇದಕ್ಕಿಂತ ಸುಲಭದ ದಾರಿ ಇಲ್ಲ.

ಎಚ್ಚರಿಕೆ: ಟಿನ್‌ಐ ತೋರಿಸುವ ತಾರೀಕು ಆ ಚಿತ್ರ ಅದರ ಕಣ್ಣಿಗೆ ಮೊದಲು ಬಿದ್ದ ದಿನ. ಫೋಟೊ ತೆಗೆದ ದಿನವೂ ಅಲ್ಲ, ಮೊದಲು ಪ್ರಕಟವಾದ ದಿನವೂ ಅಲ್ಲ.

ಏನೂ ಸಿಗದಿದ್ದರೆ ಫೋಟೊದ ಒಂದು ಭಾಗ ಮಾತ್ರ ಕತ್ತರಿಸಿ ಮತ್ತೆ ಕೊಡಿ. ಬಿಂಗ್ ಮತ್ತು ಯಾಂಡೆಕ್ಸ್‌ನಲ್ಲೂ ಇದೇ ಸೌಲಭ್ಯ ಇದೆ.

ಒಂದು ಮಾತು ಗಟ್ಟಿಯಾಗಿ ಹೇಳಬೇಕು. ಬಸ್ಸಿನಲ್ಲಿ ಕಂಡ, ಮದುವೆಯಲ್ಲಿ ಕಂಡ ಯಾರದ್ದೋ ಮುಖದ ಫೋಟೊ ಕೊಟ್ಟು ಅವರು ಯಾರು ಅಂತ ಹುಡುಕಲು ಈ ವಿದ್ಯೆ ಬಳಸಬೇಡಿ. ನಾವು ಹುಡುಕುತ್ತಿರುವುದು ಫೋಟೊ ತೆಗೆದವರನ್ನು, ಫೋಟೊದಲ್ಲಿರುವ ಖಾಸಗಿ ವ್ಯಕ್ತಿಯನ್ನಲ್ಲ.

4. ಸಿಕ್ಕ ಪದಗಳಿಂದ ಇನ್ನೂ ಹಿಂದಕ್ಕೆ ಹೋಗಿ

ಈಗ ನಿಮ್ಮ ಕೈಯಲ್ಲಿ ಕೆಲವು ಪುಟಗಳಿವೆ. ಹತ್ತು ಪುಟಗಳಲ್ಲಿ ಅದೇ ವಾಕ್ಯ, ಅದೇ ಅಕ್ಷರ ತಪ್ಪು ಇದ್ದರೆ ಅವು ಹತ್ತು ಸಾಕ್ಷಿ ಅಲ್ಲ, ಒಂದೇ. ಒಬ್ಬರಿಂದ ಒಬ್ಬರು ನಕಲು ಮಾಡಿಕೊಂಡಿದ್ದಾರೆ. ನಮಗೆ ಬೇಕಾದದ್ದು ಹೆಸರು, ಜಾಗ, ಇಸವಿ ಇರುವ ಪುಟ.

ಎತ್ತಿನ ಗಾಡಿಯನ್ನೇ ತಗೊಳ್ಳಿ. ಹುಡುಕಿದಾಗ "ಆ್ಯಪಲ್" ಎಂಬ ಪದ ಎದುರಾಗುತ್ತದೆ. ಫೋನ್ ಕಂಪನಿ ಅಂದುಕೊಂಡು ಬಿಟ್ಟುಬಿಡಬೇಡಿ, ಅದು ಉಪಗ್ರಹದ ಹೆಸರು. ಆ ಹೆಸರಿನ ಜೊತೆ ಇಸ್ರೋ ಅಂತ ಸೇರಿಸಿ ಹುಡುಕಿದರೆ ಇಸ್ರೋದ್ದೇ ವಿವರ ಸಿಗುತ್ತದೆ. ಆ್ಯಪಲ್ ಭಾರತದಲ್ಲಿ ತಯಾರಾದ ಸಂವಹನ ಉಪಗ್ರಹ. 1981ರ ಜೂನ್ 19ರಂದು ಫ್ರೆಂಚ್ ಗಯಾನಾದ ಕೌರೂನಿಂದ, ಯುರೋಪಿನ ಏರಿಯಾನ್ ರಾಕೆಟ್‌ನಲ್ಲಿ ಮೇಲೆ ಹೋಯಿತು. ಅದಕ್ಕೂ ಮೊದಲು ಬೆಂಗಳೂರಿನಲ್ಲಿ ಅದರ ಆಂಟೆನಾ ಪರೀಕ್ಷೆ ಆಗಬೇಕಿತ್ತು. ಲೋಹದ ಮೈಯಿರುವ ಲಾರಿಯ ಮೇಲಿಟ್ಟರೆ ಅಳತೆ ಕೆಡುತ್ತದೆ. ಅದಕ್ಕೇ ಎತ್ತಿನ ಗಾಡಿ ತರಿಸಿದರು. ಅಂದರೆ ಆ ಫೋಟೊ ಬಡತನದ ಕತೆ ಹೇಳುತ್ತಿಲ್ಲ. ಒಂದು ತಾಂತ್ರಿಕ ತೊಡಕನ್ನು ನಮ್ಮ ಎಂಜಿನಿಯರುಗಳು ಎಷ್ಟು ಸರಳವಾಗಿ ಬಿಡಿಸಿದರು ಅಂತ ತೋರಿಸುತ್ತಿದೆ. "ಲಾರಿಗೂ ಗತಿಯಿರಲಿಲ್ಲ" ಎಂಬ ಸಾಲಿನ ಜೊತೆ ಅದನ್ನು ಮುಂದಕ್ಕೆ ಕಳಿಸಿದಾಗಲೆಲ್ಲ ಆ ಜಾಣತನ ಮರೆಯಾಗುತ್ತದೆ. ಮೂಲ ಹುಡುಕಿ ಅಂತ ನಾನು ಇಷ್ಟು ಒತ್ತಿ ಹೇಳುವುದು ಇದಕ್ಕೇ.

ಹುಡುಕಾಟ ಚುರುಕಾಗಲು ಎರಡು ಕೀಲಿಗಳಿವೆ. ಇಂಗ್ಲಿಷಿನಲ್ಲಿ ಬಿಫೋರ್ ಎಂದು ಬರೆದು, ಜಾಗ ಬಿಡದೆ ಕೋಲನ್ ಹಾಕಿ, ಪಕ್ಕದಲ್ಲೇ ಇಸವಿ ಬರೆಯಿರಿ. ಗೂಗಲ್ ಆ ಇಸವಿಗಿಂತ ಹಳೆಯ ಪುಟಗಳನ್ನು ಮಾತ್ರ ಕೊಡುತ್ತದೆ. ವಾಟ್ಸ್‌ಆ್ಯಪ್ ಫಾರ್ವರ್ಡ್‌ಗಳು ಶುರುವಾಗುವ ಮೊದಲಿನ ಪುಟಗಳಲ್ಲಿ ಕಲಬೆರಕೆ ಕಡಿಮೆ. ಹಾಗೇ ಸೈಟ್ ಎಂದು ಬರೆದು, ಕೋಲನ್ ಹಾಕಿ, ಒಂದು ತಾಣದ ವಿಳಾಸ ಕೊಟ್ಟರೆ ಆ ತಾಣದೊಳಗೆ ಮಾತ್ರ ಹುಡುಕುತ್ತದೆ. ಕನ್ನಡ, ಇಂಗ್ಲಿಷ್ ಎರಡರಲ್ಲೂ ಹುಡುಕಿ. ಕಂಬಳ, ದಸರಾ ಕುಸ್ತಿಯಂಥ ವಿಷಯಕ್ಕೆ ಕನ್ನಡದಲ್ಲೇ ಒಳ್ಳೆಯ ಸುಳಿವು ಸಿಗುವುದು.

5. ಫೋಟೊ ಇರಬೇಕಾದ ಮನೆಯಲ್ಲಿ ನೋಡಿ

ಹೆಸರು ಸಿಕ್ಕಿತು ಅಂತ ನಿಲ್ಲಿಸಬೇಡಿ. ಆ ಛಾಯಾಗ್ರಾಹಕರ ಫೋಟೊಗಳನ್ನು ಇಟ್ಟುಕೊಂಡಿರುವ ಸಂಗ್ರಹಕ್ಕೇ ಹೋಗಿ ನೋಡಿ. ಸುದ್ದಿ ಫೋಟೊಗಳಿಗೆ ಗೆಟ್ಟಿ, ಎಪಿ (ಅಸೋಸಿಯೇಟೆಡ್ ಪ್ರೆಸ್), ಮ್ಯಾಗ್ನಂ ಎಂಬ ಸಂಸ್ಥೆಗಳು. ಬಾಹ್ಯಾಕಾಶಕ್ಕೆ ನಾಸಾ, ಇಸ್ರೋ. ಹಳೇ ಅಮೆರಿಕಕ್ಕೆ ಲೈಬ್ರರಿ ಆಫ್ ಕಾಂಗ್ರೆಸ್. ಎಲ್ಲ ಬಗೆಯದ್ದಕ್ಕೂ ವಿಕಿಮೀಡಿಯ ಕಾಮನ್ಸ್, ಅಂದರೆ ವಿಕಿಪೀಡಿಯದ ಜೊತೆಗಿರುವ ಚಿತ್ರ ಸಂಗ್ರಹ. ಹುಡುಕಲು, ನೋಡಲು ಇಲ್ಲೆಲ್ಲೂ ದುಡ್ಡು ಕೊಡಬೇಕಾಗಿಲ್ಲ.

ಸೈಕಲ್ ಫೋಟೊ ಹೀಗೇ ಬಿಡಿಸಿಕೊಳ್ಳುತ್ತದೆ. ಅದನ್ನು ತೆಗೆದವರು ಫ್ರಾನ್ಸಿನ ಆನ್ರಿ ಕಾರ್ತಿಯೆ-ಬ್ರೆಸೊ. ಇಪ್ಪತ್ತನೇ ಶತಮಾನದ ಅತಿ ದೊಡ್ಡ ಛಾಯಾಗ್ರಾಹಕರಲ್ಲಿ ಒಬ್ಬರು, 1947ರಲ್ಲಿ ಮ್ಯಾಗ್ನಂ ಸಂಸ್ಥೆ ಕಟ್ಟಿದವರಲ್ಲೂ ಒಬ್ಬರು. ಫೋಟೊ ಕೇರಳದ ತುಂಬಾದ್ದು, ಇಸವಿ 1966. ತುಂಬಾದಿಂದ ಮೊದಲ ರಾಕೆಟ್ ಹಾರಿದ್ದು 1963ರ ನವೆಂಬರ್ 21ರಂದು. ಅದು ಅಮೆರಿಕದಿಂದ ತಂದ ನೈಕಿ-ಅಪಾಚೆ. ಎಲ್ಲಾ ಸೇರಿಸಿ ನೋಡಿ: 1966ರ ಕೇರಳದ ಸೈಕಲ್, 1981ರ ಬೆಂಗಳೂರಿನ ಗಾಡಿ, 1963ರ ಅಮೆರಿಕದ ರಾಕೆಟ್. ಈ ಮೂರನ್ನೂ ಒಂದೇ ಸಾಲಿಗೆ ಕಟ್ಟಿ ನಮಗೆ ಕಳಿಸುತ್ತಿದ್ದಾರೆ.

ಕ್ರೀಡಾ ಫೋಟೊಗಳಲ್ಲಿ ಗೊಂದಲ ಬೇರೆ ತರಹ. ಒಂದೇ ಕ್ಷಣವನ್ನು ಹಲವರು ತೆಗೆದಿರುತ್ತಾರೆ. 1965ರ ಮೇ 25ರಂದು ಅಮೆರಿಕದ ಮೇನ್ ರಾಜ್ಯದ ಲೂಯಿಸ್ಟನ್‌ನಲ್ಲಿ ಮುಹಮ್ಮದ್ ಅಲಿ ಮೊದಲ ಸುತ್ತಿನಲ್ಲೇ ಸೋನಿ ಲಿಸ್ಟನ್‌ರನ್ನು ಕೆಡವಿದರು. ಬಿದ್ದವನ ಮೇಲೆ ನಿಂತು ಕೈ ಮಡಚಿ ಅಬ್ಬರಿಸುವ ಆ ಫೋಟೊ ಎಲ್ಲರಿಗೂ ಗೊತ್ತು. ಆದರೆ ಅದು ಒಂದಲ್ಲ, ಎರಡು. ಬಣ್ಣದ್ದು ಸ್ಪೋರ್ಟ್ಸ್ ಇಲ್ಲಸ್ಟ್ರೇಟೆಡ್ ಪತ್ರಿಕೆಗಾಗಿ ನೀಲ್ ಲೀಫರ್ ತೆಗೆದದ್ದು. ಕಪ್ಪು-ಬಿಳುಪಿನದು ಎಪಿ ಸಂಸ್ಥೆಯ ಜಾನ್ ರೂನಿ ಅವರದ್ದು. ಒಬ್ಬರ ಫೋಟೊಗೆ ಇನ್ನೊಬ್ಬರ ಹೆಸರು ಹಾಕುವುದು ಇವತ್ತಿಗೂ ನಡೆದಿದೆ. ಲೀಫರ್ ಅವರ ಫೋಟೊವನ್ನು ಯಾರಾದರೂ ಕಪ್ಪು-ಬಿಳುಪು ಮಾಡಿದ್ದರೆ? ಅಲಿಯ ಕಾಲುಗಳ ನಡುವೆ ನೋಡಿ. ರಿಂಗಿನ ಆಚೆ ಬದಿಯಲ್ಲಿ ಒಬ್ಬ ಛಾಯಾಗ್ರಾಹಕ ಕಾಣುತ್ತಾರೆ. ಅವರು ಅದೇ ಪತ್ರಿಕೆಯ ಹರ್ಬ್ ಶಾರ್ಫ್‌ಮನ್. ಅವರೂ ಕ್ಯಾಮೆರಾ ಹಿಡಿದೇ ಕೂತಿದ್ದರು, ಆದರೆ ಆ ಕ್ಷಣಕ್ಕೆ ಅವರ ಎದುರಿಗಿದ್ದದ್ದು ಅಲಿಯ ಬೆನ್ನು. ಆರ್ಕೈವ್‌ನ ಫೋಟೊವನ್ನೂ ನಿಮ್ಮದನ್ನೂ ಪಕ್ಕಪಕ್ಕ ಇಟ್ಟು, ಹೀಗೆ ಒಂದೊಂದು ಮೂಲೆ ಹೋಲಿಸಿದ ಮೇಲೆಯೇ ಹೆಸರು ಬರೆಯಿರಿ.

ವಿನ್ಯಾಸದ ವಿಷಯಕ್ಕೆ ಬಂದರೆ ಮ್ಯೂಸಿಯಂಗಳ ಸಂಗ್ರಹ ನೋಡಿ. ದಪ್ಪ ಗೆರೆಗಳಲ್ಲಿ ಆಟಗಾರರನ್ನು ತೋರಿಸುವ ಒಲಿಂಪಿಕ್ಸ್ ಚಿಹ್ನೆಗಳನ್ನು ಜನ ಮೆಚ್ಚಿ ಹಂಚುತ್ತಾರೆ. ಅವು 1972ರ ಮ್ಯೂನಿಕ್ ಕೂಟಕ್ಕಾಗಿ ಓಟ್ಲ್ ಐಶರ್ ಮತ್ತು ಅವರ ತಂಡ ಮಾಡಿದವು. ಅಭಿಮಾನಿಗಳು ಆಮೇಲೆ ಅದೇ ಶೈಲಿಯಲ್ಲಿ ಬರೆದವೂ ಬಹಳ ಇವೆ.

ಕಾಮನ್ಸ್‌ನಲ್ಲಿ ಒಂದು ವಿಷಯ ಗಮನಿಸಿ. ಪ್ರತಿ ಚಿತ್ರದ ಕೆಳಗೆ ಮೂಲ, ಕರ್ತೃ ಎಂಬ ಎರಡು ಸಾಲು ಇರುತ್ತವೆ. ಮೊನ್ನೆ ಮೊನ್ನೆ ಯಾರೋ ಏರಿಸಿದ 1930ರ ದಶಕದ ಫೋಟೊಗೆ "ಸ್ವಂತ ಕೃತಿ" ಅಂತ ಬರೆದಿದ್ದರೆ ನಂಬಬೇಡಿ. ಅದು ಯಾರೋ ಸ್ಕ್ಯಾನ್ ಮಾಡಿ ಏರಿಸಿದ್ದು.

6. ಪುಟವೇ ಕಾಣೆಯಾಗಿದ್ದರೆ

ಲಿಂಕ್ ಒತ್ತಿದರೆ 404 ಅಂತ ಬರುವುದು ಮಾಮೂಲಿ. ಆ ವಿಳಾಸವನ್ನು ಕಾಪಿ ಮಾಡಿ ವೇಬ್ಯಾಕ್ ಮಷೀನ್‌ಗೆ ಕೊಡಿ. ಇದು ಇಂಟರ್‌ನೆಟ್ ಆರ್ಕೈವ್ ಎಂಬ ಲಾಭರಹಿತ ಸಂಸ್ಥೆಯ ಸೇವೆ. ಅವರು 1996ರಿಂದ ವೆಬ್ ಪುಟಗಳ ಪ್ರತಿ ಎತ್ತಿಡುತ್ತಿದ್ದಾರೆ. 2001ರಿಂದ ಅದು ಎಲ್ಲರಿಗೂ ತೆರೆದಿದೆ. ಒಂದು ಕ್ಯಾಲೆಂಡರ್ ಬರುತ್ತದೆ, ಪ್ರತಿ ಇರುವ ದಿನಗಳ ಮೇಲೆ ಬಣ್ಣದ ಚುಕ್ಕೆ ಇರುತ್ತದೆ. ತೀರಾ ಹಳೆಯ ಚುಕ್ಕೆಯಿಂದ ಶುರು ಮಾಡಿ. ಪುಟ ತೆರೆದು ಚಿತ್ರ ಕಾಣದಿದ್ದರೆ ಪಕ್ಕದ ದಿನ ನೋಡಿ, ಕೆಲವು ಸಲ ಅಲ್ಲಿ ಸಿಗುತ್ತದೆ. ನಿಮಗೆ ಒಳ್ಳೆಯ ಪುಟ ಸಿಕ್ಕರೆ ಅಲ್ಲೇ ಇರುವ "ಸೇವ್ ಪೇಜ್ ನೌ" ಜಾಗದಲ್ಲಿ ಅದರ ವಿಳಾಸ ಕೊಟ್ಟು ಒಂದು ಪ್ರತಿ ಇಡಿಸಿ. ಮುಂದೆ ಹುಡುಕುವವರಿಗೆ ಉಪಕಾರ.

7. ಎಐ ಚಿತ್ರವೇ ಅಂತ ನೋಡಿ

ಎಲ್ಲಿ ಹುಡುಕಿದರೂ ಹಳೆಯ ಪ್ರತಿ ಸಿಗುತ್ತಿಲ್ಲ, ಚಿತ್ರ ಮಾತ್ರ ಸಿನಿಮಾ ಪೋಸ್ಟರಿನಷ್ಟು ನುಣುಪಾಗಿದೆ ಅಂದರೆ ಅನುಮಾನ ಪಡಿ. ಹಿಂದೆ ನಿಂತ ಜನರ ಮುಖ, ಬೆರಳು, ಬ್ಯಾಟು ಹಿಡಿದ ರೀತಿ ನೋಡಿ. ನಮಗೆ ಇನ್ನೊಂದು ಅನುಕೂಲ ಇದೆ. ಎಐ ಚಿತ್ರಗಳ ಬೋರ್ಡಿನಲ್ಲಿ ಕನ್ನಡ ಹಲವು ಸಲ ಒತ್ತಕ್ಷರದಲ್ಲೇ ಕೆಟ್ಟಿರುತ್ತದೆ. ಆದರೆ ದಿನದಿನಕ್ಕೆ ಇದು ಸುಧಾರಿಸುತ್ತಿದೆ, ಅಕ್ಷರ ಸರಿಯಿದೆ ಅಂದ ಮಾತ್ರಕ್ಕೆ ಚಿತ್ರ ಅಸಲಿ ಅನ್ನುವಂತಿಲ್ಲ.

ಕೆಲವು ಚಿತ್ರಗಳಿಗೆ ಹುಟ್ಟುವಾಗಲೇ ಗುರುತು ಹಾಕಿರುತ್ತಾರೆ. ಕಂಟೆಂಟ್ ಕ್ರೆಡೆನ್ಶಿಯಲ್ಸ್ ಅಂದರೆ ಚಿತ್ರವನ್ನು ಯಾವುದರಲ್ಲಿ ಮಾಡಿದ್ದು, ಏನು ತಿದ್ದಿದ್ದು ಅಂತ ಫೈಲಿನೊಳಗೇ ಇರುವ ಸಹಿ. ಸಿಂತ್‌ಐಡಿ ಅಂದರೆ ಗೂಗಲ್‌ನ ಎಐ ಚಿತ್ರಗಳಲ್ಲಿ ಸೇರಿಸುವ, ಕಣ್ಣಿಗೆ ಕಾಣದ ಗುರುತು. ಇವು ಸಿಕ್ಕರೆ ಉತ್ತರ ಸಿಕ್ಕಂತೆ. ಸಿಗದಿದ್ದರೆ ಏನೂ ತೀರ್ಮಾನ ಮಾಡಬೇಡಿ.

ಎಲ್ಲವನ್ನೂ ಅನುಮಾನಿಸುತ್ತಾ ಕೂರಬೇಕಿಲ್ಲ. ಬೀರುವಿನಷ್ಟು ದೊಡ್ಡ ಪೆಟ್ಟಿಗೆಯನ್ನು ವಿಮಾನಕ್ಕೆ ಏರಿಸುವ ಫೋಟೊ, "1956ರ ಹಾರ್ಡ್ ಡಿಸ್ಕ್" ಅಂತ ಬರುತ್ತದಲ್ಲ, ಅಂಥ ಯಂತ್ರ ನಿಜವಾಗಿಯೂ ಇತ್ತು. ಅದು ಐಬಿಎಂನ ರಾಮ್ಯಾಕ್ ಕಂಪ್ಯೂಟರಿನ ಡಿಸ್ಕ್ ಘಟಕ. ಒಳಗೆ 24 ಇಂಚು ಅಗಲದ 50 ತಟ್ಟೆಗಳಿದ್ದವು. ಮೊದಲ ಸಲ ಹುಡುಕುವವರು ಇದರಿಂದಲೇ ಅಭ್ಯಾಸ ಶುರು ಮಾಡಿ.

8. ಹಾಕಬಹುದಾ? ಹೆಸರು ಹೇಗೆ ಬರೆಯುವುದು?

ಮೂಲ ಸಿಕ್ಕರೆ ಬಳಸಲು ಅನುಮತಿ ಸಿಕ್ಕಂತೆ ಅಲ್ಲ. ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆಗೆ 2012ರಲ್ಲಿ ತಿದ್ದುಪಡಿ ಆಯಿತು. ಅದರ ಪ್ರಕಾರ ಫೋಟೊ ಮೇಲಿನ ಹಕ್ಕು ಛಾಯಾಗ್ರಾಹಕರ ಜೀವಮಾನ ಪೂರ್ತಿ, ಆಮೇಲೆ 60 ವರ್ಷ ಇರುತ್ತದೆ. ಕಾರ್ತಿಯೆ-ಬ್ರೆಸೊ ತೀರಿಕೊಂಡದ್ದು 2004ರಲ್ಲಿ. ಲೆಕ್ಕ ಮುಂದಿನ ವರ್ಷದ ಆರಂಭದಿಂದ ಶುರು. ಹಾಗಾಗಿ ಆ ಸೈಕಲ್ ಫೋಟೊ ಭಾರತದಲ್ಲಿ 2064ರ ಕೊನೆಯವರೆಗೂ ಹಕ್ಕಿನೊಳಗೇ ಇದೆ. ಸ್ಮರಣ ಸಂಚಿಕೆಗೆ ಬೇಕಾದರೆ ಮ್ಯಾಗ್ನಂ ಅನುಮತಿ ಕೇಳಬೇಕು. ತೀರಾ ಹಳೆಯ ಫೋಟೊಗಳ ಲೆಕ್ಕ ಬೇರೆ, ಅದಕ್ಕೆ ಬಲ್ಲವರನ್ನು ಕೇಳಿ.

ಕ್ರಿಯೇಟಿವ್ ಕಾಮನ್ಸ್ ಪರವಾನಗಿ ಇರುವ ಫೋಟೊ ಆದರೆ ದಾರಿ ಸುಲಭ. ಇದು "ಈ ಷರತ್ತಿನ ಮೇಲೆ ಬಳಸಿಕೊಳ್ಳಿ" ಅಂತ ಛಾಯಾಗ್ರಾಹಕರು ಮೊದಲೇ ಕೊಟ್ಟ ಒಪ್ಪಿಗೆ. ಬಿವೈ ಅಂದರೆ ಹೆಸರು ಹಾಕಿ. ಎಸ್ಎ ಅಂದರೆ ಅದನ್ನು ಬಳಸಿ ನೀವು ಮಾಡಿದ್ದನ್ನೂ ಇದೇ ಷರತ್ತಿನಲ್ಲಿ ಹಂಚಿ. ಎನ್‌ಸಿ ಇದ್ದರೆ ವ್ಯಾಪಾರಕ್ಕೆ ಬಳಸುವಂತಿಲ್ಲ. ಎನ್‌ಡಿ ಇದ್ದರೆ ತಿದ್ದಿ ಹಂಚುವಂತಿಲ್ಲ.

ನಮ್ಮಲ್ಲಿ ಒಂದು ಅಭ್ಯಾಸ ಬೇರೂರಿದೆ: "ಚಿತ್ರ ಕೃಪೆ: ಅಂತರ್ಜಾಲ" ಅಂತ ಬರೆಯುವುದು. ದಯವಿಟ್ಟು ಬಿಡಿ. ಅಂತರ್ಜಾಲ ಯಾವ ಫೋಟೊವನ್ನೂ ತೆಗೆದಿಲ್ಲ. ಬಿಸಿಲಲ್ಲಿ ನಿಂತು, ಕೆಸರಲ್ಲಿ ಕೂತು, ಆ ಒಂದು ಕ್ಷಣಕ್ಕಾಗಿ ಕಾದವರು ಒಬ್ಬರು ಇರುತ್ತಾರೆ, ಅವರ ಹೆಸರು ಅಲ್ಲಿ ಇರಬೇಕು. ಹೀಗೆ ಬರೆಯಿರಿ:

ಸೈಕಲ್ ಮೇಲೆ ರಾಕೆಟ್‌ನ ಮೂತಿ, ತುಂಬಾ, ಕೇರಳ, 1966. ಚಿತ್ರ: ಆನ್ರಿ ಕಾರ್ತಿಯೆ-ಬ್ರೆಸೊ / ಮ್ಯಾಗ್ನಂ ಫೋಟೋಸ್. ಅನುಮತಿ ಪಡೆದು ಬಳಸಲಾಗಿದೆ.

ಕ್ರಿಯೇಟಿವ್ ಕಾಮನ್ಸ್ ಫೋಟೊ ಆದರೆ ಕೊನೆಯ ವಾಕ್ಯದ ಜಾಗದಲ್ಲಿ ಪರವಾನಗಿಯ ಹೆಸರು ಮತ್ತು ಲಿಂಕ್ ಬರೆದರೆ ಆಯಿತು.

9. ಎಷ್ಟು ಹುಡುಕಿದರೂ ಸಿಗಲಿಲ್ಲ ಅಂದರೆ

ಹೀಗೂ ಆಗುತ್ತದೆ. ಗ್ರೂಪಿನಲ್ಲಿ ಯಾರಾದರೂ ಕೇಳಿದರೆ "ಮೂಲ ಸಿಗಲಿಲ್ಲ, ಇಲ್ಲಿಲ್ಲಿ ಹುಡುಕಿದೆ" ಎಂದು ಅಷ್ಟನ್ನೇ ಹೇಳಿ. ಊಹೆಯ ಹೆಸರು ಬರೆದರೆ ನಾಳೆ ಅದೇ ಹೊಸ ತಪ್ಪು ಸಾಲಾಗಿ ಓಡಾಡುತ್ತದೆ. ಹಿರಿಯರು ಕಳಿಸಿದ ಫೋಟೊದ ಸಾಲು ತಪ್ಪಿದ್ದರೆ ಗ್ರೂಪಿನಲ್ಲೇ ಎತ್ತಿ ಆಡಬೇಡಿ. "ದೊಡ್ಡಪ್ಪಾ, ಈ ಫೋಟೊದ ಪೂರ್ತಿ ಕತೆ ಸಿಕ್ಕಿತು ನೋಡಿ" ಅಂತ ಅವರಿಗೇ ಲಿಂಕ್ ಕಳಿಸಿ. ಸರಿಯಾದ ಕತೆಯನ್ನು ಹೆಚ್ಚಿನವರು ಖುಷಿಯಿಂದ ತಾವೇ ಗ್ರೂಪಿಗೆ ಹಾಕುತ್ತಾರೆ.

ಮುದ್ರಣಕ್ಕೆ ಆದರೆ ಆ ಫೋಟೊ ಬಿಟ್ಟುಬಿಡಿ. ಅದೇ ವಿಷಯದ ಬೇರೆ ಫೋಟೊವನ್ನು ವಿಕಿಮೀಡಿಯ ಕಾಮನ್ಸ್‌ನಲ್ಲಿ ಹುಡುಕಿ. ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಹುಡುಕಿದರೆ ಕಂಬಳ, ಯಕ್ಷಗಾನ, ಹಂಪಿ, ಚಿನ್ನಸ್ವಾಮಿ ಕ್ರೀಡಾಂಗಣ ಎಲ್ಲದರ ಫೋಟೊಗಳೂ ಅಲ್ಲಿವೆ. ತೆಗೆದವರ ಹೆಸರು, ಪರವಾನಗಿ ಎರಡೂ ಚಿತ್ರದ ಕೆಳಗೇ ಬರೆದಿರುತ್ತದೆ.